ತೂತಿರುವ ಬ್ರಷ್ಷು

ಹೋದ ತಿಂಗಳು ಆರ್.ಟಿ. ನಗರದ ಅಂಗಡಿಯೊಂದರಲ್ಲಿ ಅಮ್ಮ ಹಲ್ಲುಜ್ಜುವ ಬ್ರಷ್ ಕೇಳಿದಳು. ಹುಡುಗ ಐದಾರು ಬಗೆಯವನ್ನು ಮುಂದಿಟ್ಟ. ಮೆತ್ತನೆಯದು, ಗಟ್ಟಿಯದು, ಇದ್ದಿಲು ಬೆರೆಸಿದ ಕಪ್ಪು ಎಳೆಯದು. ಅಮ್ಮ ಎಳೆಗಳ ಕಡೆ ನೋಡಲೇ ಇಲ್ಲ. ಒಂದೊಂದೇ ಪ್ಯಾಕೆಟ್ಟನ್ನು ತಲೆಕೆಳಗು ಮಾಡಿ, ಹಿಡಿಕೆಯ ತುದಿ ನೋಡಿ, ಪಕ್ಕಕ್ಕಿಟ್ಟಳು.

"ತುದೀಲಿ ತೂತಿರೋದು ಇಲ್ವೇನಪ್ಪ?"

"ತೂತು ಯಾಕಮ್ಮ?"

"ಲಾಡಿ ಹಾಕೋಕೆ."

ಹುಡುಗನಿಗೆ ಅರ್ಥವಾಗಲಿಲ್ಲ. ಪಕ್ಕದಲ್ಲಿ ಸೋಪು ಕೊಳ್ಳುತ್ತಿದ್ದ ಹೆಂಗಸು ಮಾತ್ರ ತಟ್ಟನೆ ತಿರುಗಿ, "ನಾನೂ ಎಷ್ಟು ದಿನದಿಂದ ಹುಡುಕ್ತಿದೀನಿ, ಎಲ್ಲೂ ಸಿಗ್ತಿಲ್ಲ" ಅಂದರು. ಇಬ್ಬರೂ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಹತ್ತು ನಿಮಿಷ ಅದೇ ಮಾತಾಡಿದರು.

ನಮ್ಮ ಮನೆಯಲ್ಲಿ ಬ್ರಷ್ಷಿಗೆ ಹಲ್ಲುಜ್ಜುವುದು ಮೊದಲ ಕೆಲಸ ಅಷ್ಟೇ. ಎಳೆ ಕೆದರಿಕೊಂಡ ಮೇಲೆ ಅದು ಅಡುಗೆಮನೆಗೆ ಬರುತ್ತದೆ. ಮಿಕ್ಸಿ ಜಾರಿನ ಬ್ಲೇಡಿನ ಅಡಿ, ತುರಿಮಣೆಯ ಹಲ್ಲು, ಗ್ಯಾಸ್ ಬರ್ನರಿನ ಕಣ್ಣು, ಬಾಚಣಿಗೆಯ ಸಂದು. ಹಬ್ಬದ ಹಿಂದಿನ ದಿನ ಹುಣಸೆಹಣ್ಣು ಹಚ್ಚಿ ಹಿತ್ತಾಳೆ ದೀಪದ ಕೊರೆತದೊಳಗಿನ ಜಿಡ್ಡು ತೆಗೆಯುವುದೂ ಅದೇ. ಎಳೆಗಳು ಪೂರ್ತಿ ಮಲಗಿದ ಮೇಲೆ ಅಮ್ಮ ಅದರ ಕತ್ತು ಮುರಿದು, ಮುರಿದ ಜಾಗವನ್ನು ಒಗೆಯುವ ಕಲ್ಲಿಗೆ ಉಜ್ಜಿ ನುಣುಪು ಮಾಡುತ್ತಾಳೆ. ಆಮೇಲೆ ಅದು ಲಾಡಿ ಕಡ್ಡಿ. ಲಾಡಿಯ ಒಂದು ತುದಿಯನ್ನು ತೂತಿಗೆ ಕಟ್ಟಿ, ನುಣುಪಾದ ತುದಿಯನ್ನು ಲಂಗದ ಪಟ್ಟಿಯೊಳಗೆ ಬಿಟ್ಟು, ಬಟ್ಟೆಯನ್ನು ನೆರಿಗೆ ನೆರಿಗೆಯಾಗಿ ಹಿಂದಕ್ಕೆ ಸರಿಸುತ್ತಾ ಹೋದರೆ ಎರಡೇ ನಿಮಿಷದ ಕೆಲಸ. ಪಿನ್ನಿನಲ್ಲೂ ಮಾಡಬಹುದು. ಆದರೆ ಪಿನ್ನು ಅರ್ಧ ದಾರಿಯಲ್ಲಿ ಬಾಯಿ ಬಿಡುತ್ತದೆ. ಆಗ ಮುಂದಕ್ಕೂ ಹೋಗುವುದಿಲ್ಲ, ಹಿಂದಕ್ಕೂ ಬರುವುದಿಲ್ಲ.

ಅಪ್ಪ ಯಲಹಂಕದ ರೈಲುಗಾಲಿ ಕಾರ್ಖಾನೆಯಲ್ಲಿ ಕುಲುಮೆಯ ವಿಭಾಗದಲ್ಲಿದ್ದರು. ಈಗ ಅದರ ಹೆಸರು ರೈಲ್ ವೀಲ್ ಫ್ಯಾಕ್ಟರಿ. ಹಳಬರ ಬಾಯಲ್ಲಿ ಇವತ್ತಿಗೂ 'ವೀಲ್ ಅಂಡ್ ಆಕ್ಸಲ್'. 1984ರಲ್ಲಿ ಶುರುವಾದ ಆ ಕಾರ್ಖಾನೆಗೆ ಕಚ್ಚಾಮಾಲು ಗಣಿಯಿಂದ ಬರುವುದಿಲ್ಲ, ರೈಲ್ವೆಯಿಂದಲೇ ಬರುತ್ತದೆ. ಓಡಿ ಓಡಿ ಸವೆದ ಗಾಲಿ, ಕೆಲಸಕ್ಕೆ ಬಾರದ ಆಕ್ಸಲ್, ಹೀಗೆ ರೈಲ್ವೆಯವರು ತೆಗೆದುಹಾಕಿದ ಉಕ್ಕು. ಅದನ್ನು ವಿದ್ಯುತ್ ಕುಲುಮೆಗೆ ಹಾಕಿ, ಗ್ರಾಫೈಟಿನ ಮೂರು ಕಂಬ ಇಳಿಸಿ, ಮಿಂಚು ಹೊಡೆದ ಹಾಗೆ ವಿದ್ಯುತ್ ಹಾಯಿಸಿ ಕರಗಿಸುತ್ತಾರೆ. ಕರಗಿದ ಉಕ್ಕಿನ ಬಿಸಿ 1,600 ಡಿಗ್ರಿ ಸೆಲ್ಸಿಯಸ್ ದಾಟಿರುತ್ತದೆ. ಅದನ್ನು ಅಚ್ಚಿಗೆ ಮೇಲಿನಿಂದ ಸುರಿಯುವುದಿಲ್ಲ; ಗಾಳಿಯ ಒತ್ತಡ ಕೊಟ್ಟು ಕೊಳವೆಯ ಮೂಲಕ ಕೆಳಗಿನಿಂದ ಗ್ರಾಫೈಟ್ ಅಚ್ಚಿನೊಳಕ್ಕೆ ಏರಿಸುತ್ತಾರೆ.

ಉಕ್ಕು ಮೇಲಕ್ಕೆ ಹೇಗೆ ಏರುತ್ತದೆ ಎಂದು ಚಿಕ್ಕವಳಿದ್ದಾಗ ಕೇಳಿದ್ದೆ. ಅಪ್ಪ ಕಾಫಿ ತುಂಬಿಡುವ ಒತ್ತುವ ಫ್ಲಾಸ್ಕನ್ನು ತಂದು ಮುಂದಿಟ್ಟು, ಅದರ ತಲೆ ಅದುಮಿದರು. ಕಾಫಿ ಕೊಳವೆಯಲ್ಲಿ ಏರಿ ಲೋಟಕ್ಕೆ ಬಂತು. "ನೋಡು, ಇಷ್ಟೇ. ಅಲ್ಲಿ ಕಾಫಿ ಬದಲು ಉಕ್ಕು." ಆ ಫ್ಲಾಸ್ಕನ್ನು ಮಾಡಿದವರು ಅದರಿಂದ ಒಂದು ದಿನ ರೈಲುಗಾಲಿ ಎರಕ ಹೊಯ್ಯುವ ಪಾಠ ನಡೆಯುತ್ತದೆ ಎಂದು ಎಣಿಸಿರಲಾರರು. ನನಗೆ ಇವತ್ತಿಗೂ ರೈಲು ಹತ್ತಿದಾಗ ಕಾಲಡಿಯ ಗಾಲಿಗಿಂತ ಮೊದಲು ಆ ಕಾಫಿಯ ಘಮ ನೆನಪಾಗುತ್ತದೆ.

ಅಪ್ಪ ಇದನ್ನೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರೆ ಅಮ್ಮ ಅಲ್ಲೇ ಕೂತು ಹಳೆ ಸೀರೆಯ ಅಂಚು ಬಿಚ್ಚುತ್ತಾ ಹೇಳಿದ್ದಳು: "ನಿಮ್ಮ ಕಾರ್ಖಾನೇಲಿ ಹಳೇದನ್ನ ಹೊಸದು ಮಾಡೋಕೆ ಅಷ್ಟು ಬೆಂಕಿ ಬೇಕು. ನಂಗೆ ಒಂದು ಕತ್ತರಿ ಸಾಕು ಕಣ್ರೀ."

ಆ ಮಾತಿನ ತೂಕ ನನಗೆ ಗೊತ್ತಾದದ್ದು ನಾನೇ ಮನೆ ನಡೆಸತೊಡಗಿದ ಮೇಲೆ. ಗಾಲಿಯನ್ನು ಕರಗಿಸಲೇಬೇಕು. ಸವೆದ ಗಾಲಿಯ ಮೇಲೆ ಜನರನ್ನು ಕೂರಿಸಿ ಕಳಿಸಲಾಗದು. ಆದರೆ ಮನೆಯ ಸಾಮಾನು ಹಾಗೆ ಒಮ್ಮೆಗೇ ಪೂರ್ತಿ ಸವೆಯುವುದು ಕಡಿಮೆ. ಬ್ರಷ್ಷಿನಲ್ಲಿ ಸವೆದದ್ದು ಎಳೆ. ಹಿಡಿಕೆ ತಂದ ದಿನದಷ್ಟೇ ಗಟ್ಟಿ. ಛತ್ರಿಯಲ್ಲಿ ಹರಿದದ್ದು ಬಟ್ಟೆ, ಕಡ್ಡಿಯಲ್ಲ. ಕುಕ್ಕರಿನ ರಬ್ಬರ್ ಹಬೆ ತಡೆಯದೇ ಹೋದರೂ ಉರುಟು ತಳದ ಪಾತ್ರೆಯನ್ನು ಅಲ್ಲಾಡದ ಹಾಗೆ ಕೂರಿಸುವ ಸಿಂಬೆಯಾಗಬಲ್ಲದು. ಅಮ್ಮ ಯಾವ ಸಾಮಾನನ್ನೂ 'ಹಾಳಾಯ್ತು' ಅನ್ನುವುದಿಲ್ಲ. "ಎಲ್ಲಿ ಹೋಯ್ತು?" ಅನ್ನುತ್ತಾಳೆ. ಹೋದ ಜಾಗ ಗೊತ್ತಾದರೆ ಉಳಿದ ಜಾಗವೂ ಗೊತ್ತಾಗುತ್ತದೆ.

ದೊಡ್ಡಪ್ಪ ಯಶವಂತಪುರದ ಎಪಿಎಂಸಿ ಯಾರ್ಡಿನ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರು ಬಂದರೆ ಜೊತೆಗೆ ನಾಲ್ಕು ಖಾಲಿ ಗೋಣಿಚೀಲ ಬರುತ್ತಿದ್ದವು. ಹೊಸ್ತಿಲ ಮುಂದೆ ಕಾಲೊರೆಸಲು ಒಂದು, ಬೇಸಿಗೆಯಲ್ಲಿ ಒದ್ದೆ ಮಾಡಿ ನೀರಿನ ಮಡಕೆಗೆ ಸುತ್ತಲು ಒಂದು, ಮಾವಿನಕಾಯಿ ಹಣ್ಣಿಗೆ ಹಾಕಲು ಒಂದು. ಹರಿದರೆ ಹೊಲಿಯಲು ದಬ್ಬಳ ಬೇಕು. ನಮ್ಮ ಮನೆಯ ದಬ್ಬಳ ಅಂಗಡಿಯದಲ್ಲ. ಹಳೇ ಛತ್ರಿಯ ಕಡ್ಡಿಯ ತುದಿಯಲ್ಲಿ, ಬಟ್ಟೆಯನ್ನು ಹೊಲಿದು ಹಿಡಿಸಲು, ಒಂದು ಸಣ್ಣ ಕಣ್ಣು ಇರುತ್ತದಲ್ಲ, ಅಲ್ಲಿಂದ ಒಂದು ಗೇಣು ಕತ್ತರಿಸಿ, ಇನ್ನೊಂದು ತುದಿಯನ್ನು ಮಸೆದರೆ ದಬ್ಬಳವಾಯಿತು. ಅಮ್ಮನ ಕಣ್ಣು ಯಾವಾಗಲೂ ಹೀಗೆ ತೂತಿನ ಮೇಲೆ.

ಹಳೆಯದು ಅಂದರೆ ಹೊಸದು ಸಿಗುವ ತನಕ ಹೇಗೋ ಸುಧಾರಿಸುವುದು ಎಂದು ಬಹಳ ಜನ ತಿಳಿದಿದ್ದಾರೆ. ನಾನು ಒಪ್ಪುವುದಿಲ್ಲ. ಕೆಲವು ಕೆಲಸಕ್ಕೆ ಹಳೆಯದೇ ಆಗಬೇಕು. ಸಂಡಿಗೆ ಪಂಚೆಯನ್ನೇ ನೋಡಿ. ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ, ಏಪ್ರಿಲ್ ಮಳೆ ಬೀಳುವ ಮೊದಲು, ಯಲಹಂಕದ ನಮ್ಮ ಮನೆಯ ತಾರಸಿಯಲ್ಲಿ ಅಪ್ಪನ ಹಳೇ ಪಂಚೆ ಹಾಸುತ್ತೇವೆ. ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ. ಕಾಗೆ ಬರದಂತೆ ಪಕ್ಕದಲ್ಲಿ ಬಿಚ್ಚಿಟ್ಟ ಕಪ್ಪು ಛತ್ರಿ. ಮೇಲೆ ವಾಯುನೆಲೆಯ ವಿಮಾನದ ಸದ್ದು. ಅಕ್ಕಿಹಿಟ್ಟಿನ ಅಂಬಲಿಗೆ ಉಪ್ಪು, ಜೀರಿಗೆ, ಅರೆದ ಹಸಿಮೆಣಸಿನಕಾಯಿ ಹಾಕಿ ಕಾಸಿ, ನೆನೆಸಿ ಹಿಂಡಿದ ಪಂಚೆಯ ಮೇಲೆ ಚಮಚದಲ್ಲಿ ಬಿಡುತ್ತಾ ಹೋಗುತ್ತೇವೆ. ಸಂಜೆಗೆ ಸಂಡಿಗೆ ಒಣಗಿ ಬಟ್ಟೆಗೆ ಕಚ್ಚಿಕೊಂಡಿರುತ್ತದೆ. ಆಗ ಪಂಚೆಯನ್ನು ಬೋರಲು ಹಾಕಿ, ಹಿಂಬದಿಗೆ ಅಂಗೈಯಿಂದ ನೀರು ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು, ಬಟ್ಟೆಯನ್ನು ಹಿಡಿದು ಮೆಲ್ಲಗೆ ಎಳೆಯಬೇಕು. ಒಂದೊಂದೇ ಸಂಡಿಗೆ, ಮೇಲೆ ನೇಯ್ಗೆಯ ಗೆರೆ ಮೂಡಿಸಿಕೊಂಡು, ಬಿಡಿಸಿಕೊಳ್ಳುತ್ತದೆ.

ಒಂದು ವರ್ಷ ನಾನು ಹೊಸ ಪಂಚೆ ಹಾಸಿದ್ದೆ. ಗಂಜಿಯ ಗಟ್ಟಿತನ ಇನ್ನೂ ಇತ್ತು. ಸಂಡಿಗೆಗೆಲ್ಲ ನೂಲಿನ ಜುಂಗು ಮೆತ್ತಿಕೊಂಡಿತು. ಪ್ಲಾಸ್ಟಿಕ್ ಹಾಳೆಯ ಮೇಲೂ ಹಾಕಿ ನೋಡಿದ್ದೇನೆ. ಬಿಡಿಸುವುದೇನೋ ಸುಲಭ, ಆದರೆ ಅಡಿಯ ಪಸೆ ಹೋಗಲು ಜಾಗವಿಲ್ಲ. ನೂರಾರು ಸಲ ಒಗೆದು, ಜುಂಗೆಲ್ಲ ಉದುರಿ, ಮೈ ತೆಳುವಾದ ಪಂಚೆಗೆ ಮಾತ್ರ ಈ ಕೆಲಸ ಬರುತ್ತದೆ. ಆ ಪಂಚೆ ಹರಿದ ಮೇಲೆ ಮಸಿಬಟ್ಟೆ. ಆಮೇಲೆ ನೆಲ ಒರೆಸುವ ಬಟ್ಟೆ.

ಬಟ್ಟೆಯ ವಿಚಾರದಲ್ಲಿ ನಮ್ಮ ನಾಡು ದೊಡ್ಡದು. ಉತ್ತರ ಕರ್ನಾಟಕದ ಕೌದಿ ಎಲ್ಲರಿಗೂ ಗೊತ್ತು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹಳೆ ಬಟ್ಟೆಯ ತುಂಡು ಕೂಡಿಸಿ ಹೊಲಿಯುವ ಕೌದಿಗೆ ನಾಲ್ಕು ಮೂಲೆಯಲ್ಲೂ ಮಡಚಿದ ಬಣ್ಣದ ತುಂಡುಗಳ 'ಫೂಲ' ಇಡುತ್ತಾರೆ. ಫೂಲ ಇಲ್ಲದಿದ್ದರೆ ಕೌದಿ ಮುಗಿದ ಹಾಗಲ್ಲ. ಚಳಿಗೆ ಹೊದೆಯಲು ಮೂಲೆಯ ಹೂವು ಬೇಕಿಲ್ಲ. ಆದರೂ ಇಡುತ್ತಾರೆ. ಹಳೆ ಬಟ್ಟೆಗೂ ಆ ಮರ್ಯಾದೆ ಸಲ್ಲಬೇಕು ಎನ್ನುವ ಕೈಗಳು ಅವು.

ನಮ್ಮ ಅಡುಗೆಮನೆಯ ಟೈಲ್ಸಿಗೆ ದಿನವೂ ಎರಡು ನಂದಿನಿ ಕವರ್ ಅಂಟಿಕೊಂಡಿರುತ್ತವೆ. ಮೂಲೆಯ ಚೂರು ಬೇರೆಯಾಗದ ಹಾಗೆ ಸೀಳಿ, ಹಾಲು ಬಗ್ಗಿಸಿ, ತೊಳೆದು, ಒದ್ದೆಯಲ್ಲೇ ಗೋಡೆಗೆ ಒತ್ತಿದರೆ ಹಿಡಿದುಕೊಳ್ಳುತ್ತದೆ. ಒಣಗಿದ ಮೇಲೆ ತಾನೇ ಬೀಳುತ್ತದೆ. ಬಿದ್ದರೆ ಒಣಗಿತು ಎಂದೇ ಲೆಕ್ಕ. ಅದರಲ್ಲಿ ಒಂದಿಷ್ಟು ನಿಪ್ಪಟ್ಟಿಗೆ: ಎಣ್ಣೆ ಸವರಿದ ಎರಡು ಕವರಿನ ನಡುವೆ ಉಂಡೆ ಇಟ್ಟು ಬಟ್ಟಲ ತಳದಿಂದ ಒತ್ತಿದರೆ ಅಂಚು ಬಿರಿಯದೆ ದುಂಡಗೆ ಬರುತ್ತದೆ. ಒಂದಿಷ್ಟಕ್ಕೆ ತಳದಲ್ಲಿ ತೂತು ಮಾಡಿ, ಮಣ್ಣು ತುಂಬಿ, ಕರಿಬೇವಿನ ಬೀಜ ಹಾಕುತ್ತೇವೆ. ಮಿಕ್ಕದ್ದು ಕಿಲೋ ಲೆಕ್ಕದಲ್ಲಿ ಗುಜರಿಗೆ. ಅಜ್ಜಿಯ ಕಾಲದಲ್ಲಿ ಈ ಜಾಗ ಡಾಲ್ಡಾ ಡಬ್ಬದ್ದು. 1937ರಲ್ಲಿ ಪೇಟೆಗೆ ಬಂದ ಡಾಲ್ಡಾದಿಂದ ಎಷ್ಟು ಮನೆಯ ಪೂರಿ ಕರಿದರೋ, ಅದರ ತಗಡಿನ ಡಬ್ಬದಲ್ಲಿ ಅಷ್ಟೇ ಮನೆಯ ತುಳಸಿ ಬೆಳೆಯಿತು.

ನವರಾತ್ರಿ ಬಂತೆಂದರೆ ಮನೆಯ ಸಾಮಾನೆಲ್ಲ ಕೆಲಸ ಬದಲಿಸುತ್ತದೆ. ಟ್ರಂಕು, ಅಕ್ಕಿ ಡಬ್ಬ, ಹಳೇ ಪಠ್ಯಪುಸ್ತಕದ ಕಟ್ಟು, ಎಲ್ಲವೂ ಬಿಳಿ ಪಂಚೆಯಡಿ ಗೊಂಬೆಯ ಮೆಟ್ಟಿಲಾಗುತ್ತವೆ. ಒಡೆದ ಕನ್ನಡಿ ಕೆರೆ. ಪೇಂಟ್ ಡಬ್ಬದ ಮುಚ್ಚಳದಲ್ಲಿ ಮೊಳೆತ ರಾಗಿ ಅದರ ದಡದ ಹೊಲ. ಹತ್ತು ದಿನದ ಮೇಲೆ ಟ್ರಂಕು ಮತ್ತೆ ಟ್ರಂಕು.

ಇಷ್ಟೊಂದು ಕಾಪಾಡುವುದು ಯಾಕೆ, ಹೊಸದು ಕೊಳ್ಳುವ ಶಕ್ತಿ ಇಲ್ಲವೇ ಎಂದು ಕೇಳುವವರಿದ್ದಾರೆ. ಅವರಿಗೆ ನಾನು ಮಾವಳ್ಳಿಪುರದ ಹೆಸರು ಹೇಳುತ್ತೇನೆ. ಯಲಹಂಕದ ಆಚೆ, ಹೆಸರಘಟ್ಟದ ಕಡೆಗಿರುವ ಹಳ್ಳಿ ಅದು. ಬೆಂಗಳೂರು ಬಿಸಾಡಿದ ಕಸ ವರ್ಷಗಟ್ಟಲೆ ಅಲ್ಲಿಗೆ ಹೋಗಿ ಗುಡ್ಡವಾಯಿತು. ಕಸದ ರಸ ಇಳಿದು ಅಲ್ಲಿಯವರ ನೀರು ಕೆಟ್ಟಿತು. ಊರವರು ಲಾರಿ ತಡೆದರು, ಹೋರಾಡಿದರು. 2012ರ ಜುಲೈಯಲ್ಲಿ ಅಲ್ಲಿ ಕಸ ಸುರಿಯುವುದು ನಿಂತಿತು. ನಿಂತ ಕೂಡಲೇ ನಗರದ ಬೀದಿಬೀದಿಯಲ್ಲಿ ರಾಶಿ ಬಿತ್ತು. ಕಸವನ್ನು ಮನೆಯಲ್ಲೇ ಬೇರ್ಪಡಿಸಬೇಕೆಂಬ ನಿಯಮ ಬಂದದ್ದೂ ಅದೇ ವರ್ಷ. ನಾವು 'ಹೊರಗೆ ಹಾಕು' ಅನ್ನುತ್ತೇವಲ್ಲ, ಆ ಹೊರಗು ಯಾರದೋ ಬಾವಿಯ ಪಕ್ಕ. ಅಂದಿನಿಂದ ನಮ್ಮ ತರಕಾರಿ ಸಿಪ್ಪೆ ಇಪ್ಪತ್ತು ಲೀಟರಿನ ಪೇಂಟ್ ಡಬ್ಬದಲ್ಲಿ ಗೊಬ್ಬರವಾಗಿ, ಜಿಕೆವಿಕೆಯ ಕೃಷಿಮೇಳದಿಂದ ತಂದ ಬೀಜಕ್ಕೆ ಸಲ್ಲುತ್ತಿದೆ. 2024ರ ಮಾರ್ಚಿನಲ್ಲಿ ನೀರಿಗೆ ತತ್ವಾರವಾಗಿ, ಗಿಡಕ್ಕೋ ಕಾರು ತೊಳೆಯಲೋ ಕುಡಿಯುವ ನೀರು ಬಳಸಿದರೆ ಜಲಮಂಡಳಿ 5,000 ರೂಪಾಯಿ ದಂಡ ಹೇಳಿದಾಗ, ವಾಷಿಂಗ್ ಮೆಷಿನ್ನಿನ ಕೊಳವೆಯನ್ನು ಡ್ರಮ್ಮಿಗೆ ತಿರುಗಿಸಿದೆವು. ಆ ನೀರೇ ಕಕ್ಕಸಿಗೆ, ನೆಲಕ್ಕೆ. ಈಗ ಟ್ಯಾಂಕರ್ ಕರೆಯುವುದು ಕಡಿಮೆಯಾಗಿದ್ದರೂ ಕೊಳವೆಯನ್ನು ಹಿಂದಕ್ಕೆ ತಿರುಗಿಸಿಲ್ಲ.

ಸಿಕ್ಕಿದ್ದನ್ನೆಲ್ಲ ಬಳಸಿ ಎಂದು ಮಾತ್ರ ನಾನು ಹೇಳಲಾರೆ. ಬಜ್ಜಿಯ ಎಣ್ಣೆ ಹೀರಲು ಹಳೇ ಪೇಪರ್ ಹಾಕುವ ಅಭ್ಯಾಸ ನಮ್ಮಲ್ಲೂ ಇತ್ತು. ಮುದ್ರಣದ ಶಾಯಿ ಹೊಟ್ಟೆಗೆ ಸೇರುತ್ತದೆ, ಹಾಗೆ ಮಾಡಬೇಡಿ ಎಂದು 2016ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಹೇಳಿದ ಮೇಲೆ ಬಿಟ್ಟೆವು. ಪೇಂಟ್ ಡಬ್ಬದಲ್ಲಿ ಗೊಬ್ಬರ ಸರಿ, ರಾಗಿಹಿಟ್ಟು ಬೇಡ. ಔಷಧಿ ಹೊಡೆದ ಕ್ಯಾನು ಎಷ್ಟು ತೊಳೆದರೂ ನೀರಿಗಲ್ಲ. ಇನ್ನು ಬಾಟಲಿಗೆ ಬಣ್ಣ ಬಳಿಯಲೆಂದೇ ಬಣ್ಣ, ಅಂಟು, ಮಣಿ, ರಿಬ್ಬನ್ ಕೊಂಡು ತರುವ ಪದ್ಧತಿ ನನ್ನ ಮನಸ್ಸಿಗೆ ಹಿಡಿಸಿಲ್ಲ. ಅಮ್ಮನ ಮನೆಯಲ್ಲಿ ಮೊದಲು ಬರುವುದು ಅಗತ್ಯ. ಆಮೇಲೆ ಕಣ್ಣು ಸುತ್ತ ಹುಡುಕುತ್ತದೆ.

ಮೊನ್ನೆ ಮಗಳ ಟ್ರ್ಯಾಕ್ ಪ್ಯಾಂಟಿನ ದಾರ ಒಗೆಯುವಾಗ ಹೊರಬಂತು. ಕಾಲೇಜಿಗೆ ಅದೇ ಬೇಕೆಂದು ಅವಳ ಹಟ. ಮನೆಯ ಹಳೇ ಲಾಡಿ ಕಡ್ಡಿ ಮುರಿದು ಎರಡು ತಿಂಗಳಾಗಿತ್ತು. ಅಮ್ಮ ಅಡುಗೆಮನೆಯಿಂದ ಕೆಲಸ ಮುಗಿದ ಒಂದು ನೀಲಿ ಬ್ರಷ್ ತಂದಳು. ತೂತಿಲ್ಲದ್ದು. ಕತ್ತು ಮುರಿದು ಕಲ್ಲಿಗೆ ಉಜ್ಜಿ ಅಪ್ಪನ ಕೈಗೆ ಕೊಟ್ಟು, "ಇದಕ್ಕೊಂದು ಕಣ್ಣು ಮಾಡಿಕೊಡ್ರೀ" ಅಂದಳು.

ಅಪ್ಪ ಒಂದು ಸಣ್ಣ ಮೊಳೆಯನ್ನು ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಗೆ ಒಡ್ಡಿದರು. ಕಿಟಕಿ ತೆರೆಯಲು ಹೇಳಿದರು. ನಾವು ಮೂವರೂ ಸುತ್ತ ನಿಂತೆವು. "ಕಾದಿರ್ಬೇಕು ತಾತ" ಅಂದಳು ಮಗಳು. "ಇನ್ನೂ ಇಲ್ಲ. ಬಣ್ಣ ನೋಡು. ಕೆಂಪಾಗಬಾರದು, ಕೆಂಪಾದ್ರೆ ಪ್ಲಾಸ್ಟಿಕ್ ಹತ್ತಿಕೊಳ್ಳತ್ತೆ. ನೀಲಿಗೆ ತಿರುಗ್ಲಿ." ಮೊಳೆಯ ಮೈ ಮೊದಲು ಹೊಂಬಣ್ಣಕ್ಕೆ, ಆಮೇಲೆ ನೇರಳೆಗೆ, ಆಮೇಲೆ ನವಿಲುಗರಿಯ ನೀಲಿಗೆ ಬಂತು. ಹಿಡಿಕೆಯ ತುದಿಗೆ ಒತ್ತಿ, ಒಂದು ಸುತ್ತು ತಿರುಗಿಸಿ, ತೆಗೆದು ನೀರಿನ ಲೋಟಕ್ಕೆ ಅದ್ದಿದರು. ಚುಂಯ್ ಎಂದಿತು.

ಅಮ್ಮ ದಾರ ಕಟ್ಟಿ ಪ್ಯಾಂಟಿನ ಪಟ್ಟಿಯ ಬಾಯಿಗೆ ತೂರಿಸಿ, "ತಗೋ, ಇನ್ನು ನೀನು ತಳ್ಳು" ಎಂದು ಮೊಮ್ಮಗಳ ಕೈಗೆ ಕೊಟ್ಟಳು. ಅವಳು ಬಟ್ಟೆಯನ್ನು ನೆರಿಗೆ ನೆರಿಗೆಯಾಗಿ ಹಿಂದಕ್ಕೆ ಸರಿಸುತ್ತಾ ಹೋದಳು. ಸೊಂಟದ ಇನ್ನೊಂದು ಬಾಯಿಂದ ನೀಲಿ ಹಿಡಿಕೆಯ ಮೂತಿ ಹೊರಗೆ ಬಂತು.