ಮೂವತ್ತೆಂಟು ರೂಪಾಯಿಯಿಂದ ಬೆಳೆದ ಬ್ಯಾಂಕು

ಶಿಕಾರಿಪುರ, ಸೊರಬದ ಕಡೆಯ ಸಹೋದರಿಯರೇ, ಮನೆಯವರ ಚಿಕಿತ್ಸೆಗೆಂದು ನೀವೂ ಎಂದಾದರೂ ಆಗುಂಬೆ ಘಟ್ಟ ಇಳಿದು ಮಣಿಪಾಲಕ್ಕೆ ಹೋಗಿರಬಹುದು. ಡಾಕ್ಟರರನ್ನು ಕಂಡ ಮೇಲೆ ಅರ್ಧ ದಿನ ಉಳಿದರೆ ಪಕ್ಕದಲ್ಲೇ ಇರುವ ಉಡುಪಿ ಪೇಟೆಗೆ ಹೋಗಿ ಬನ್ನಿ. ಅಲ್ಲಿ ನೀವು ನೋಡಲೇಬೇಕಾದ ಒಂದು ಹಳೆಯ ಮನೆಯಿದೆ. ಅದು ಖಾನ್ ಬಹದ್ದೂರ್ ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು ಬಾಳಿದ ಮನೆ.

ಅದು 1906ರ ಕಾಲ. ವಿಕ್ಟೋರಿಯಾ ರಾಣಿ ತೀರಿಕೊಂಡು ಐದು ವರ್ಷವಾಗಿತ್ತು. ಆಕೆಯ ತಲೆಯಿದ್ದ ಬೆಳ್ಳಿ ರೂಪಾಯಿಗಳು ಇನ್ನೂ ಚಲಾವಣೆಯಲ್ಲಿದ್ದವು. ನಿಮ್ಮ ಊರುಗಳು ಮೈಸೂರು ಅರಸರ ಆಡಳಿತದಲ್ಲಿದ್ದರೆ, ಉಡುಪಿಯು ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಕೈಗೆ ಕಾಸು ಬೇಕಾದರೆ ಜನರು ಸಾಹುಕಾರನ ಬಾಗಿಲಿಗೇ ಹೋಗಬೇಕಿತ್ತು. ಇದನ್ನು ತಪ್ಪಿಸಲು ಹಾಜಿ ಅಬ್ದುಲ್ಲಾರ ಮುಂದಾಳತ್ವದಲ್ಲಿ ಊರಿನ ಕೆಲವರು ಕೂಡಿ ಆ ವರ್ಷದ ಮಾರ್ಚ್ 12ರಂದು 'ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್' ಆರಂಭಿಸಿದರು. ಮೂಲ ಬಂಡವಾಳ 5,000 ರೂಪಾಯಿ. ಜಾತಿ, ಮತ ನೋಡದೆ ಎಲ್ಲರಲ್ಲೂ ಉಳಿತಾಯದ, ಪರಸ್ಪರ ಸಹಕಾರದ ಅಭ್ಯಾಸ ಬೆಳೆಸುವುದು ಅವರ ಗುರಿಯಾಗಿತ್ತು.

ಮೊದಲ ದಿನ ಸಂಜೆ ಲೆಕ್ಕ ಹಾಕಿದಾಗ ಬ್ಯಾಂಕಿನಲ್ಲಿ ಇದ್ದದ್ದು 38 ರೂಪಾಯಿ, 13 ಆಣೆ, 2 ಪೈ. ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅಂದರೆ ಒಂದು ರೂಪಾಯಿಗೆ 192 ಪೈ! ಆ ಎರಡು ಪೈಯನ್ನೂ ಅವರು ಲೆಕ್ಕದಿಂದ ಬಿಡಲಿಲ್ಲ. ಸಾಸಿವೆ ಡಬ್ಬಿಯಲ್ಲಿ ಚಿಲ್ಲರೆ ಕೂಡಿಟ್ಟು ಮಗಳ ಫೀಸು ಕಟ್ಟಿದ ತಾಯಿಗೆ ಇದರ ಬೆಲೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹಾಜಿ ಅಬ್ದುಲ್ಲಾ 1929ರವರೆಗೆ ಬ್ಯಾಂಕಿನ ಅಧ್ಯಕ್ಷರಾಗಿದ್ದರು. ಉಡುಪಿಯ ಸರಕಾರಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಗೆ ಜಾಗ ಕೊಟ್ಟವರೂ ಅವರೇ. ಎಷ್ಟೋ ತಾಯಂದಿರು ಆ ನೆಲದಲ್ಲಿ ಹೆತ್ತು, ಮಗುವನ್ನು ಎತ್ತಿಕೊಂಡು ಮನೆಗೆ ಮರಳಿದ್ದಾರೆ. ಸಾಹೇಬರು 1935ರಲ್ಲಿ ತೀರಿಕೊಂಡರು.

ಬ್ಯಾಂಕು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1980ರಲ್ಲಿ ರಾಷ್ಟ್ರೀಕರಣಗೊಂಡಿತು. 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಯಿತು. ಹೆಸರು ಬೋರ್ಡುಗಳಿಂದ ಅಳಿಸಿಹೋಯಿತು. ಆದರೆ ಆ ಮನೆಯನ್ನು ಬ್ಯಾಂಕು ಮೊದಲೇ ನಾಣ್ಯಗಳ ವಸ್ತುಸಂಗ್ರಹಾಲಯವನ್ನಾಗಿ ಮಾಡಿತ್ತು. ಎರಡು ಸಾವಿರ ವರ್ಷಗಳಿಗೂ ಹಿಂದಿನ ನಾಣ್ಯಗಳಿಂದ ಹಿಡಿದು ಬ್ರಿಟಿಷರ ಕಾಲದವುಗಳ ವರೆಗೆ ಅಲ್ಲಿ ಸಂಗ್ರಹಿಸಲಾಗಿದೆ.

ಹೊರಡುವ ಮುನ್ನ ತೆರೆದಿರುವ ಸಮಯ ವಿಚಾರಿಸಿಕೊಳ್ಳಿ. ಮಕ್ಕಳನ್ನೂ ಕರೆದೊಯ್ಯಿರಿ. ನಮ್ಮವರು ಈ ನಾಡಿಗೆ ಏನು ಕೊಟ್ಟರು ಎಂದು ನಾಳೆ ಯಾರಾದರೂ ಅವರನ್ನು ಕೇಳಿದರೆ, ಉತ್ತರಕ್ಕಾಗಿ ತಡಕಾಡುವ ಪ್ರಮೇಯ ಬಾರದಿರಲಿ. ಆ ಎರಡು ಪೈಯ ಕಥೆಯನ್ನು ಅವರಿಗೆ ನೀವೇ ಹೇಳಿ.