ಆದವಾನಿ ಸೀಮೆಯ ಧ್ಯಾನದ ದಾರಿಗಳು

ತುಂಗಭದ್ರೆಯ ದಂಡೆಯ ಮಂತ್ರಾಲಯದಿಂದ ಗುಂತಕಲ್ಲಿಗೆ ಸಮೀಪದ ಚಿಪ್ಪಗಿರಿಯವರೆಗೆ ಹರಡಿರುವ ಕರ್ನೂಲು ಜಿಲ್ಲೆಯ ಪಶ್ಚಿಮ ಭಾಗವು ಎರೆಹೊಲ, ಬಂಡೆಗುಡ್ಡ ಹಾಗೂ ಹತ್ತಿಯ ಸೀಮೆ. ಇಲ್ಲಿನ ಆದವಾನಿ, ಆಲೂರು ತಾಲ್ಲೂಕುಗಳು ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದವು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಉದಯಿಸಿದಾಗ ರಾಯದುರ್ಗ ತಾಲ್ಲೂಕಿನೊಡನೆ ಅವೂ ಆ ರಾಜ್ಯಕ್ಕೆ ಸೇರಿದವು. ಗಡಿ ಬದಲಾದರೂ ಅನೇಕ ಮನೆಗಳ ಮಾತು ಬದಲಾಗಲಿಲ್ಲ. ಈ ಭಾಗದ ಊರುಗಳಲ್ಲಿ ಇಂದಿಗೂ ಕನ್ನಡ ಮಾಧ್ಯಮದ ಶಾಲೆಗಳು ನಡೆಯುತ್ತಿವೆ.

ಹೊರಗಿನವರು ಈ ಸೀಮೆಗೆ ಬರುವುದು ಬಹುಮಟ್ಟಿಗೆ ಯಾತ್ರೆಗಾಗಿ. ಬಂದವರು ದರ್ಶನ ಮುಗಿಸಿ, ಪ್ರಸಾದ ಪಡೆದು, ರೈಲನ್ನೋ ಬಸ್ಸನ್ನೋ ಹಿಡಿಯುತ್ತಾರೆ. ಇದೇ ಸ್ಥಳಗಳನ್ನು ಬೇರೊಂದು ದೃಷ್ಟಿಯಿಂದಲೂ ನೋಡಬಹುದು. ಚಂಚಲವಾದ ಮನಸ್ಸನ್ನು ಒಂದೆಡೆ ನಿಲ್ಲಿಸುವುದು ಹೇಗೆ ಎಂಬ ಒಂದೇ ಪ್ರಶ್ನೆಗೆ ಇಲ್ಲಿನ ಒಂದೊಂದು ಊರೂ ಒಂದೊಂದು ಬಗೆಯ ಉತ್ತರವನ್ನು ಕಾಪಾಡಿಕೊಂಡು ಬಂದಿದೆ. ಧ್ಯಾನವನ್ನು ಹೊಸದಾಗಿ ಆರಂಭಿಸುವ ಶಾಲಾಮಕ್ಕಳಿಗೂ ಅವರ ಪಾಲಕರಿಗೂ ಈ ವೈವಿಧ್ಯವೇ ಮೊದಲ ಪಾಠವಾಗಬಲ್ಲದು.

ಪ್ರತಿವರ್ಷ ಜೂನ್ 21ರಂದು ಶಾಲೆಗಳಲ್ಲಿ ಯೋಗ ದಿನಾಚರಣೆ ನಡೆಯುತ್ತದೆ. 2024ರ ಡಿಸೆಂಬರಿನಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಡಿಸೆಂಬರ್ 21ನ್ನು ವಿಶ್ವ ಧ್ಯಾನ ದಿನವೆಂದು ಘೋಷಿಸಿದ ಮೇಲೆ ಧ್ಯಾನದ ಮಾತು ಇನ್ನಷ್ಟು ಹೆಚ್ಚಿದೆ. ಆದರೆ ಇಂತಹ ದಿನಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಒಂದೇ ಕ್ರಮ. ಮಕ್ಕಳನ್ನು ಸಾಲಾಗಿ ಕೂರಿಸಿ, ಕಣ್ಣು ಮುಚ್ಚಿಸಿ, ಏನನ್ನೂ ಯೋಚಿಸಬಾರದೆಂದು ಹೇಳಲಾಗುತ್ತದೆ. ಕೆಲವರು ಸುಮ್ಮನೆ ಕೂರುತ್ತಾರೆ, ಕೆಲವರು ತೂಕಡಿಸುತ್ತಾರೆ, ಮತ್ತೆ ಕೆಲವರಿಗೆ ಕಣ್ಣು ಮುಚ್ಚಿದೊಡನೆಯೇ ಇಲ್ಲಸಲ್ಲದ ಯೋಚನೆಗಳು ಮುತ್ತಿಕೊಳ್ಳುತ್ತವೆ. ಈ ಕೊನೆಯವರು ತಮಗೆ ಧ್ಯಾನ ಒಲಿಯದೆಂದು ತೀರ್ಮಾನಿಸಿಬಿಡುತ್ತಾರೆ. ಒಂದು ವಿಧಾನ ತನಗೆ ಹೊಂದಲಿಲ್ಲವೆಂಬುದಕ್ಕೂ ಧ್ಯಾನವೇ ತನಗೆ ಬಾರದೆಂಬುದಕ್ಕೂ ಇರುವ ವ್ಯತ್ಯಾಸವನ್ನು ಅವರಿಗೆ ಯಾರೂ ತಿಳಿಸಿರುವುದಿಲ್ಲ.

ಹಿಂದಿನವರು ಈ ವ್ಯತ್ಯಾಸವನ್ನು ಚೆನ್ನಾಗಿ ಬಲ್ಲವರಾಗಿದ್ದರು. ಪತಂಜಲಿಯ ಯೋಗಸೂತ್ರದ ಮೊದಲ ಪಾದದಲ್ಲಿ ಚಿತ್ತವನ್ನು ನಿಲ್ಲಿಸುವ ಹಲವು ಉಪಾಯಗಳನ್ನು ಒಂದರ ಹಿಂದೊಂದು ಹೇಳಿ, ಕೊನೆಗೆ ಅವರವರಿಗೆ ಇಷ್ಟವಾದುದನ್ನು ಧ್ಯಾನಿಸಿದರೂ ಆದೀತೆಂಬ ಅವಕಾಶವನ್ನು ಕೊಡಲಾಗಿದೆ. ಐದನೆಯ ಶತಮಾನದ ಬೌದ್ಧ ವಿದ್ವಾಂಸ ಬುದ್ಧಘೋಷನ ವಿಶುದ್ಧಿಮಾರ್ಗವು ಮನುಷ್ಯಸ್ವಭಾವವನ್ನು 6 ಬಗೆಯಾಗಿ ವಿಂಗಡಿಸಿ, ಧ್ಯಾನದ 40 ಆಲಂಬನಗಳಲ್ಲಿ ಯಾವುದು ಯಾರಿಗೆ ಹೊಂದುವುದೆಂದು ವಿವರಿಸುತ್ತದೆ. ರೋಗಿಯನ್ನು ನೋಡಿ ಔಷಧ ಕೊಡುವ ವೈದ್ಯನ ಕ್ರಮವೇ ಇಲ್ಲಿಯೂ ಕಾಣುತ್ತದೆ.

ಕೌತಾಳ ಮಂಡಲದ ಉರುಕುಂದದಿಂದ ಆರಂಭಿಸಬಹುದು. ಶ್ರಾವಣಮಾಸದಲ್ಲಿ ಇಲ್ಲಿನ ಈರಣ್ಣಸ್ವಾಮಿಯ ಸನ್ನಿಧಿಗೆ ಕರ್ನಾಟಕದಿಂದಲೂ ಜನ ತಂಡೋಪತಂಡವಾಗಿ ಬರುತ್ತಾರೆ. ಸ್ಥಳಪುರಾಣದ ಪ್ರಕಾರ ಈರಣ್ಣನು ಬಾಲಕನಾಗಿದ್ದಾಗಲೇ ಒಬ್ಬ ಯೋಗಿಯಿಂದ ಮಂತ್ರೋಪದೇಶ ಪಡೆದು, ಅಶ್ವತ್ಥವೃಕ್ಷದ ಕೆಳಗೆ ತಪಸ್ಸಿಗೆ ಕುಳಿತವನು. ಒಂದು ಮರ, ಒಂದು ಮಂತ್ರ, ದಿನವೂ ಒಂದೇ ಜಾಗ: ಈ ಕಥೆಯಲ್ಲಿ ಜಪಧ್ಯಾನದ ಮೂರು ಆಸರೆಗಳೂ ಅಡಗಿವೆ. ಸದಾ ಏನನ್ನಾದರೂ ಗುನುಗುತ್ತಿರುವ, ಒಳಗೊಳಗೇ ಮಾತಾಡಿಕೊಳ್ಳುವ ಸ್ವಭಾವದವರಿಗೆ ಜಪವು ಸುಲಭ. ಮಾತನ್ನು ಅಡಗಿಸಲು ಹೆಣಗುವುದಕ್ಕಿಂತ ಒಂದೇ ಮಾತನ್ನು ಕೊಟ್ಟು ಮನಸ್ಸನ್ನು ಅದರಲ್ಲಿ ತೊಡಗಿಸುವುದು ಇದರ ಯುಕ್ತಿ. ಆರಂಭದಲ್ಲಿ ಕೇಳಿಸುವಷ್ಟು ದನಿಯಲ್ಲಿ, ಬಳಿಕ ತುಟಿಯಲ್ಲಿ, ಅನಂತರ ಮನಸ್ಸಿನಲ್ಲಿ ನುಡಿಯುತ್ತ ಹೋಗುವುದು ರೂಢಿಯ ಕ್ರಮ.

ಈ ಸೀಮೆಯ ಲಿಂಗಾಯತ ಮನೆಗಳಲ್ಲಿ ದಿನನಿತ್ಯ ನಡೆಯುವ ಇಷ್ಟಲಿಂಗ ಪೂಜೆಯಲ್ಲಿ ಎರಡನೆಯ ಬಗೆಯನ್ನು ಕಾಣಬಹುದು. ಎಡ ಅಂಗೈಯ ಮೇಲೆ ಲಿಂಗವನ್ನು ಇರಿಸಿಕೊಂಡು, ಅದರ ಕಪ್ಪು ಹೊಳಪಿನಲ್ಲಿ ದೃಷ್ಟಿಯನ್ನು ನೆಡುವುದು ಆ ಪೂಜೆಯ ಮುಖ್ಯ ಅಂಗ. ಇಲ್ಲಿ ಕಣ್ಣು ಮುಚ್ಚಬೇಕಾಗಿಲ್ಲ. ಮುಚ್ಚಿದ ಕಣ್ಣಿನ ಕತ್ತಲೆಯಲ್ಲಿ ತಳಮಳಗೊಳ್ಳುವ ಮಕ್ಕಳಿಗೆ ಹೀಗೆ ತೆರೆದ ಕಣ್ಣಿನಿಂದ ಒಂದನ್ನೇ ನೋಡುವ ಕ್ರಮ ಹಿತವಾಗುತ್ತದೆ. ಲಿಂಗಧಾರಣೆಯಿಲ್ಲದ ಮನೆಯವರು ನಂದಾದೀಪವನ್ನೋ, ಎದುರಿನ ಗೋಡೆಯ ಮೇಲಿನ ಒಂದು ಚುಕ್ಕೆಯನ್ನೋ ಹೀಗೆಯೇ ನೋಡಬಹುದು. ಕಣ್ಣಿಗೆ ನೋವಾಗುವಂತೆ ರೆಪ್ಪೆಯನ್ನು ತಡೆಹಿಡಿಯುವುದು ಮಕ್ಕಳಿಗೆ ಸಲ್ಲದು. ಎರಡು ಮೂರು ನಿಮಿಷವೇ ಸಾಕು.

ಮೂರನೆಯ ಬಗೆಗೆ ಮಂತ್ರಾಲಯಕ್ಕೆ ಹೋಗಬೇಕು. ಹಿಂದೆ ಮಂಚಾಲೆಯೆಂದು ಕರೆಯಲ್ಪಡುತ್ತಿದ್ದ ಈ ಗ್ರಾಮವನ್ನು ಆದವಾನಿಯ ಆಡಳಿತಗಾರನಾಗಿದ್ದ ಸಿದ್ದಿ ಮಸೂದ್ ಖಾನನು ರಾಘವೇಂದ್ರಸ್ವಾಮಿಗಳಿಗೆ ಬಿಟ್ಟುಕೊಟ್ಟನೆಂದು ಮಠದ ಪರಂಪರೆ ಹೇಳುತ್ತದೆ. ಸ್ವಾಮಿಗಳು 1671ರ ಶ್ರಾವಣ ಬಹುಳ ಬಿದಿಗೆಯಂದು ಇಲ್ಲಿ ಬೃಂದಾವನಸ್ಥರಾದರು. ಬೃಂದಾವನದ ಸುತ್ತ ಭಕ್ತರು ಹಾಕುವ ಪ್ರದಕ್ಷಿಣೆಯನ್ನು ತುಸು ಹೊತ್ತು ಗಮನಿಸಿದರೆ ನಡೆಯುವುದೇ ಒಂದು ಧ್ಯಾನವೆಂಬುದು ಸ್ಪಷ್ಟವಾಗುತ್ತದೆ. ಎಂಟು ಅಕ್ಷರದ ರಾಯರ ಮಂತ್ರ, ಅದಕ್ಕೆ ಹೊಂದಿದ ಹೆಜ್ಜೆ, ಹೆಜ್ಜೆಗೆ ಹೊಂದಿದ ಉಸಿರು. ಹೆಜ್ಜೆನಮಸ್ಕಾರ ಹಾಕುವವರಂತೂ ಒಂದೊಂದು ಹೆಜ್ಜೆಗೂ ನಿಂತು, ಬಾಗಿ, ಮತ್ತೆ ಮುಂದುವರಿಯುತ್ತಾರೆ. ಬೌದ್ಧರಲ್ಲಿ ಇಂತಹ ನಡಿಗೆಯ ಧ್ಯಾನಕ್ಕೆ ಚಂಕ್ರಮಣವೆಂಬ ಹೆಸರೇ ಇದೆ. ಕೂತಲ್ಲಿ ಕೂರಲಾರದ ಮಗುವನ್ನು ಹಟ ಹಿಡಿದು ಪದ್ಮಾಸನದಲ್ಲಿ ಕೂರಿಸುವ ಪಾಲಕರು ಈ ಪ್ರಾಕಾರದಿಂದ ಕಲಿಯಬೇಕಾದುದಿದೆ. ಅಂಗಳದಲ್ಲಿ ಇಪ್ಪತ್ತು ಹೆಜ್ಜೆ ಹೋಗಿ ಇಪ್ಪತ್ತು ಹೆಜ್ಜೆ ಬರುವುದು, ಪಾದ ನೆಲಕ್ಕೆ ತಾಗುವುದನ್ನು ಮಾತ್ರ ಗಮನಿಸುವುದು: ಇಂತಹ ಮಗುವಿಗೆ ಇದೇ ಉತ್ತಮ ಆರಂಭ.

ಮಂತ್ರಾಲಯದಲ್ಲಿ ಕೇಳಿಬಂದ ಸಿದ್ದಿ ಮಸೂದ್ ಖಾನನ ಹೆಸರು ಆದವಾನಿ ಪಟ್ಟಣದ ಜಾಮಿಯಾ ಮಸೀದಿಯೊಡನೆಯೂ ಸೇರಿಕೊಂಡಿದೆ. ಕೋಟೆಯ ಬೆಟ್ಟಗಳ ಕೆಳಗಿನ ಈ ಮಸೀದಿಯನ್ನು ಕಟ್ಟಿಸಿದವನು ಅವನೇ. ದಿನಕ್ಕೆ ಐದು ಹೊತ್ತಿನ ನಮಾಜು ಧ್ಯಾನಾರ್ಥಿಗೆ ಕಾಲನಿಯಮದ ಬಲವನ್ನು ತೋರಿಸುತ್ತದೆ. ನಿಲ್ಲುವುದು, ಬಾಗುವುದು, ಹಣೆಯನ್ನು ನೆಲಕ್ಕೆ ತಾಗಿಸುವುದು ಇಲ್ಲಿ ನಿಯತವಾದ ಅನುಕ್ರಮದಲ್ಲಿ ನಡೆಯುತ್ತವೆ. ದೇವರ ನಾಮವನ್ನು ಮತ್ತೆ ಮತ್ತೆ ನುಡಿಯುವ ಜಿಕ್ರ್ ಹಾಗೂ ಅದಕ್ಕೆ ಬಳಸುವ ತಸ್ಬೀಹ್ ಮಣಿಗಳು ಜಪಮಾಲೆಯ ನೆರೆಹೊರೆಯವು. ಇಂದು ಮನಸ್ಸು ಬಂದಾಗ, ನಾಳೆ ಬಿಡುವಾದಾಗ ಎಂದು ಮುಂದೂಡುವ ಸ್ವಭಾವದವರು ಯಾವ ವಿಧಾನವನ್ನು ಹಿಡಿದರೂ ಗೊತ್ತಾದ ಹೊತ್ತನ್ನು ಹಿಡಿಯುವುದು ಒಳಿತು.

ದಕ್ಷಿಣದ ಕೊನೆಯಲ್ಲಿರುವ ಚಿಪ್ಪಗಿರಿಯು ವಿಜಯದಾಸರ ಊರು. ಮಾನ್ವಿ ಸೀಮೆಯ ಚೀಕಲಪರವಿಯಲ್ಲಿ ಹುಟ್ಟಿ, ವಿಜಯವಿಠ್ಠಲ ಅಂಕಿತದಲ್ಲಿ ಹಾಡಿದ ದಾಸರು 1755ರಲ್ಲಿ ಇಲ್ಲಿಯೇ ದೇಹ ಬಿಟ್ಟರು. ಕಾರ್ತಿಕ ಶುದ್ಧ ದಶಮಿಯಂದು ಅವರ ಆರಾಧನೆ ನಡೆಯುತ್ತದೆ. ಅವರಿಗೆ ಹೆಸರು ತಂದ ಸುಳಾದಿಯೆಂಬ ರಚನೆಯಲ್ಲಿ ಒಂದೊಂದು ಭಾಗಕ್ಕೂ ಒಂದೊಂದು ತಾಳ. ಹಾಡುವವನ ಗಮನ ಜಾರುವಂತಿಲ್ಲ, ಜಾರಿದರೆ ತಾಳ ತಪ್ಪುತ್ತದೆ. ಮೌನವನ್ನು ಕಂಡರೆ ಬೇಸರಪಡುವ, ಹಾಡು ಕೇಳಿದೊಡನೆ ಅರಳುವ ಮಕ್ಕಳಿಗೆ ಇದು ನಾಲ್ಕನೆಯ ದಾರಿ. ದಾಸರ ಪದ ಕನ್ನಡದಲ್ಲಿದೆ. ಅರ್ಥವನ್ನು ಇನ್ನೊಬ್ಬರಿಂದ ಕೇಳಿ ತಿಳಿಯಬೇಕಾಗಿಲ್ಲ, ಹಾಡುತ್ತಿರುವಾಗಲೇ ಅದು ಒಳಗಿಳಿಯುತ್ತದೆ. ಶಾಲೆಯ ಕನ್ನಡವು ಅಂಕಪಟ್ಟಿಯ ಆಚೆಗೂ ಉಪಯೋಗಕ್ಕೆ ಬರುವ ಒಂದು ಸಂದರ್ಭವಿದು.

ಯಾವ ಊರಿಗೂ ಯಾವ ಮತಕ್ಕೂ ಸೇರದ ಐದನೆಯ ದಾರಿ ಉಸಿರಿನದು. ವಿಪಶ್ಯನದ ಆಚಾರ್ಯ ಸತ್ಯನಾರಾಯಣ ಗೋಯೆಂಕಾ ಅವರ ಪರಂಪರೆಯ ಹತ್ತು ದಿನಗಳ ಶಿಬಿರದಲ್ಲಿ ಮೊದಲ ಮೂರು ದಿನಗಳು ಆನಾಪಾನಕ್ಕೆ, ಅಂದರೆ ಉಸಿರಾಟವನ್ನು ಇದ್ದಂತೆಯೇ ಗಮನಿಸುವುದಕ್ಕೆ, ಮೀಸಲು. ಇಲ್ಲಿ ಉಸಿರನ್ನು ಎಳೆಯುವುದೂ ಇಲ್ಲ, ತಡೆಯುವುದೂ ಇಲ್ಲ. ಮೂಗಿನ ಹೊಳ್ಳೆಯ ಬಳಿ ಅದು ಬಂದುಹೋಗುವುದನ್ನು ತಿಳಿಯುವುದಷ್ಟೇ ಕೆಲಸ.

ಶಾಲೆಯಲ್ಲಿ ಎಲ್ಲ ಮಕ್ಕಳಿಗೂ ಒಂದನ್ನೇ ಕಲಿಸಬೇಕಾದಾಗ ಈ ಐದನೆಯದು ಉಚಿತವೆನ್ನಲು ಕಾನೂನಿನ ಕಾರಣವೂ ಇದೆ. ಪೂರ್ಣವಾಗಿ ಸರ್ಕಾರದ ಹಣದಿಂದ ನಡೆಯುವ ವಿದ್ಯಾಸಂಸ್ಥೆಯಲ್ಲಿ ಧಾರ್ಮಿಕ ಬೋಧನೆ ಸಲ್ಲದೆಂದು ಸಂವಿಧಾನದ 28ನೆಯ ಅನುಚ್ಛೇದ ಹೇಳುತ್ತದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಸಂಸ್ಥೆಯಲ್ಲಿಯೂ ಪಾಲಕರ ಒಪ್ಪಿಗೆಯಿಲ್ಲದೆ ಅಪ್ರಾಪ್ತ ವಯಸ್ಕರನ್ನು ಅಂತಹ ಬೋಧನೆಗಾಗಲಿ ಪೂಜೆಗಾಗಲಿ ಕಡ್ಡಾಯವಾಗಿ ಕೂರಿಸುವಂತಿಲ್ಲ. ಮಂತ್ರ, ಲಿಂಗ, ಬೃಂದಾವನ, ನಮಾಜುಗಳು ಮನೆಯ ನಂಬಿಕೆಯ ಪ್ರಕಾರ ಮನೆಯಲ್ಲಿ ನಡೆಯಲಿ. ತರಗತಿಗೆ ಉಸಿರು ಸಾಕು.

ಇಷ್ಟು ದಾರಿಗಳಲ್ಲಿ ತನ್ನದನ್ನು ಆರಿಸಿಕೊಳ್ಳುವುದು ಹೇಗೆ? ಹೆಸರುವಾಸಿಯಾದುದೆಂಬ ಕಾರಣಕ್ಕಾಗಲಿ, ನೆರೆಮನೆಯ ಮಗುವಿಗೆ ಫಲಿಸಿತೆಂಬ ಕಾರಣಕ್ಕಾಗಲಿ ಆರಿಸುವುದು ಸರಿಯಲ್ಲ. ಸಾಕ್ಷ್ಯವನ್ನು ನೋಡಿ ತೀರ್ಪು ಕೊಡುವಂತೆ ಇಲ್ಲಿಯೂ ಅನುಭವವನ್ನು ನೋಡಿಯೇ ನಿರ್ಧರಿಸಬೇಕು. ಒಂದು ವಿಧಾನವನ್ನು ಹಿಡಿದು, ದಿನಕ್ಕೆ ಐದೇ ನಿಮಿಷದಂತೆ, ಒಂದೇ ಹೊತ್ತಿನಲ್ಲಿ, ಮೂರು ವಾರ ನಡೆಸಬೇಕು. ಒಂದೆರಡು ದಿನಕ್ಕೇ ಬಿಟ್ಟು ಇನ್ನೊಂದಕ್ಕೆ ಹಾರಿದರೆ ಯಾವುದರ ಗುಣವೂ ತಿಳಿಯದು. ಮೂರು ವಾರಗಳ ಬಳಿಕ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಸರಳವಾದವು. ಮರುದಿನ ಮತ್ತೆ ಕೂರಲು ಮನಸ್ಸಾಗುತ್ತದೆಯೇ? ಗಮನ ತಪ್ಪಿದ್ದು ಮೊದಲಿಗಿಂತ ಬೇಗ ಗೊತ್ತಾಗುತ್ತದೆಯೇ? ಮನೆಯಲ್ಲಿ ಸಿಡುಕು ಕಡಿಮೆಯಾಗಿದೆಯೇ, ಪುಸ್ತಕದ ಮುಂದೆ ಕೂರುವ ಹೊತ್ತು ಹೆಚ್ಚಿದೆಯೇ? ಈ ಕೊನೆಯ ಪ್ರಶ್ನೆಗೆ ಮಗುವಿಗಿಂತ ತಾಯಿಯ ಉತ್ತರ ಹೆಚ್ಚು ನಂಬಿಕೆಗೆ ಅರ್ಹ. ಬೆಳಕು ಕಂಡಿತೇ, ದೇವರು ಕಂಡನೇ ಎಂಬ ಪ್ರಶ್ನೆಗಳನ್ನು ಕೇಳದಿರುವುದೇ ಲೇಸು. ಕೇಳಿದರೆ ಮಕ್ಕಳು ಹಿರಿಯರನ್ನು ಮೆಚ್ಚಿಸಲು ಹೌದೆನ್ನುವುದುಂಟು.

ಗಮನ ತಪ್ಪುವುದನ್ನು ಸೋಲೆಂದು ಎಣಿಸಬಾರದು. ಅಮೆರಿಕದ ಹಾರ್ವರ್ಡ್ ವೈದ್ಯ ಹರ್ಬರ್ಟ್ ಬೆನ್ಸನ್ 1975ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ನಾನಾ ದೇಶಗಳ ಧ್ಯಾನಕ್ರಮಗಳನ್ನು ಹೋಲಿಸಿ, ಅವೆಲ್ಲಕ್ಕೂ ಸಾಮಾನ್ಯವಾದ ಅಂಶಗಳನ್ನು ತೋರಿಸಿದರು. ಪದ, ದನಿ, ಉಸಿರುಗಳಂತಹ ಯಾವುದಾದರೂ ಒಂದರಲ್ಲಿ ಮನಸ್ಸನ್ನು ನೆಲೆಗೊಳಿಸುವುದು ಒಂದು ಅಂಶ. ಬೇರೆ ಯೋಚನೆ ಬಂದಾಗ ಬೇಸರಿಸದೆ ಅದಕ್ಕೆ ಮರಳುವುದು ಇನ್ನೊಂದು. ಉರುಕುಂದದ ಜಪಕ್ಕೂ ಮಂತ್ರಾಲಯದ ಪ್ರದಕ್ಷಿಣೆಗೂ ಈ ಮಾತು ಸಮನಾಗಿ ಅನ್ವಯಿಸುತ್ತದೆ. ಹತ್ತು ಸಲ ತಪ್ಪಿ ಹತ್ತು ಸಲ ಮರಳಿದ ಮಗು ಹತ್ತು ಸಲ ಅಭ್ಯಾಸ ಮಾಡಿದಂತೆಯೇ.

ಈ ಸೀಮೆಯ ಮಕ್ಕಳಿಗೆ ಇದರ ಅಗತ್ಯ ಹೆಚ್ಚಾಗಿದೆ. ಮಳೆ ಕೈಕೊಟ್ಟ ವರ್ಷ ಕೋಸಿಗಿ, ಕೌತಾಳ, ಆದವಾನಿಗಳ ಕಡೆಯ ಕುಟುಂಬಗಳು ಹತ್ತಿ, ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಗುಳೆ ಹೋಗುತ್ತವೆ. ಕೆಲವು ಮಕ್ಕಳು ತಂದೆತಾಯಿಯೊಡನೆ ಹೋಗಿ ಪಾಠ ಕಳೆದುಕೊಳ್ಳುತ್ತಾರೆ, ಕೆಲವರು ಅಜ್ಜ ಅಜ್ಜಿಯರ ಬಳಿ ಉಳಿದು ಬರುವವರ ದಾರಿ ಕಾಯುತ್ತಾರೆ. ಜೊತೆಗೆ ಹತ್ತನೆಯ ತರಗತಿಯ ಪರೀಕ್ಷೆ, ಮನೆಯ ಕನ್ನಡಕ್ಕೂ ಕಚೇರಿಯ ತೆಲುಗಿಗೂ ನಡುವಿನ ತೊಡಕು. ಧ್ಯಾನವು ಗುಳೆಯನ್ನು ನಿಲ್ಲಿಸದು, ಶಾಲೆಗೆ ಶಿಕ್ಷಕರನ್ನು ತಂದುಕೊಡದು. ಅವು ಸರ್ಕಾರವನ್ನು ಕೇಳಿಯೇ ಪಡೆಯಬೇಕಾದ ಹಕ್ಕುಗಳು. ಆದರೆ ಎಲ್ಲಿ ಹೋದರೂ ಜೊತೆಯಲ್ಲಿ ಒಯ್ಯಬಹುದಾದ, ಕಾಸು ಖರ್ಚಿಲ್ಲದ ಒಂದು ಆಸರೆಯನ್ನು ಅದು ಕೊಡಬಲ್ಲದು. ಗುಂಟೂರಿನ ಹೊಲದ ಬದುವಿನಲ್ಲಿಯೂ ಹೆಜ್ಜೆ ಎಣಿಸಬಹುದು, ಗುಡಿಸಲಿನಲ್ಲಿಯೂ ಉಸಿರು ಗಮನಿಸಬಹುದು.

ಒಂದು ಎಚ್ಚರಿಕೆಯೂ ಅವಶ್ಯ. ಕುಳಿತಾಗಲೆಲ್ಲ ಭಯ ಹೆಚ್ಚುವುದು, ದುಃಖ ಉಕ್ಕುವುದು, ನಿದ್ರೆ ಕೆಡುವುದು ಕಂಡುಬಂದರೆ ಆ ಅಭ್ಯಾಸವನ್ನು ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಉಚಿತವಾಗಿ ಕರೆ ಮಾಡಬಹುದು. ಧ್ಯಾನವು ಔಷಧಕ್ಕೆ ಬದಲಿಯಲ್ಲ.

ಮುಂದಿನ ಸಲ ಮಂತ್ರಾಲಯಕ್ಕೋ ಉರುಕುಂದಕ್ಕೋ ಹೋಗುವ ಕುಟುಂಬಗಳು ದರ್ಶನವಾದ ಮೇಲೆ ಅರ್ಧ ಗಂಟೆ ಹೆಚ್ಚಾಗಿ ಉಳಿಯುವುದು ಒಳ್ಳೆಯದು. ಮಗು ಪ್ರದಕ್ಷಿಣೆಯಲ್ಲಿ ಮೈಮರೆಯುತ್ತದೆಯೋ, ಮರದ ಕೆಳಗೆ ಸುಮ್ಮನೆ ಕೂರುತ್ತದೆಯೋ, ದೀಪವನ್ನು ನೋಡುತ್ತ ನಿಲ್ಲುತ್ತದೆಯೋ, ಭಜನೆಯ ಕಡೆಗೆ ಓಡುತ್ತದೆಯೋ ಎಂಬುದನ್ನು ಹಿರಿಯರು ಗಮನಿಸಲಿ. ಮಗು ಯಾರೂ ಹೇಳದೆಯೇ ಎಲ್ಲಿ ನಿಲ್ಲುತ್ತದೆಯೋ ಅಲ್ಲಿಂದ ಅದರ ಅಭ್ಯಾಸ ಆರಂಭವಾಗಲಿ.