ವಹಿಯಲ್ಲಿ ಇಲ್ಲದ ತಾಟು

ತಿಂಗಳ ಖರ್ಚು ಬರೆದಿಡುವ ಒಂದು ವಹಿ ನಿಮ್ಮ ಮನೆಯಲ್ಲಿಯೂ ಇರಬಹುದು. ನಮ್ಮ ಮನೆಯದು ಕೆಂಪು ರಟ್ಟಿನದು. ನನ್ನ ಪತಿಯವರು ಹುಬ್ಬಳ್ಳಿಯ ಗೋಕುಲ ರಸ್ತೆಯ ಒಂದು ಸಣ್ಣ ಕಾರ್ಖಾನೆಯಲ್ಲಿ ದುಡಿಯುತ್ತಾರೆ. ಪಗಾರವಾದ ದಿನ ರಾತ್ರಿ, ಎಲ್ಲರೂ ಮಲಗಿದ ಮೇಲೆ, ನಾನು ಅದನ್ನು ಬಿಚ್ಚಿಕೊಂಡು ಕೂಡುತ್ತೇನೆ. ಬಾಡಿಗೆ, ಹಾಲು, ಗ್ಯಾಸು, ಜೋಳ, ಭಿಶಿಯ ಕಂತು, ದೇವಾಲಯದ ಕಾಣಿಕೆ, ಅತ್ತೆಯವರ ಬಿ.ಪಿ. ಗುಳಿಗೆ. ಎಷ್ಟು ಸಲ ಕೂಡಿಸಿದರೂ ತಿಂಗಳ ಕೊನೆಯ ವಾರಕ್ಕೆ ಏನೋ ಕಡಿಮೆ ಬೀಳುತ್ತಿತ್ತು. ಅದನ್ನು ಸರಿದೂಗಿಸುವ ಉಪಾಯವೊಂದು ನನಗೆ ಗೊತ್ತಿತ್ತು. ಅದನ್ನು ಮಾತ್ರ ಎಂದೂ ಬರೆದಿಡಲಿಲ್ಲ.

ಹಿರಿಯ ಮಗಳು ಹುಟ್ಟಿದ್ದು 2014ರಲ್ಲಿ. ಬಾಣಂತಿಗೆ ಉಣಿಸುವುದರಲ್ಲಿ ನಮ್ಮ ಕಡೆಯವರು ಯಾರಿಗೂ ಕಡಿಮೆಯಿಲ್ಲ. ತವರಿನಲ್ಲಿ ಅವ್ವ ಅಳವಿಯ ಪಾಯಸ, ಅಂಟಿನ ಉಂಡಿ, ಕೊಬ್ಬರಿ, ಉತ್ತತ್ತಿ ಎಂದು ಬೇಡವೆಂದರೂ ಬಿಡದೆ ಉಣಿಸಿದಳು. ಆದರೆ ಆ ಅಕ್ಕರೆಗೆ ಒಂದು ಅವಧಿಯಿದೆ. ತೊಟ್ಟಿಲು, ಕೂಸು, ಗಂಟು-ಮೂಟೆಗಳೊಡನೆ ಗಂಡನ ಮನೆಗೆ ಬಂದ ಮೇಲೆ ಬಾಣಂತಿಯು ಮತ್ತೆ ಸೊಸೆಯಾಗುತ್ತಾಳೆ.

ಮಗಳು ಉಣ್ಣುವುದರಲ್ಲಿ ಮಹಾ ಹಟಮಾರಿ. ರೊಟ್ಟಿ ಮುರಿದು ಬಾಯಿಗಿಟ್ಟರೆ ಉಗುಳುವಳು. ಪಲ್ಲೆಯಲ್ಲಿ ಒಂದು ಸಾಸಿವೆ ಕಂಡರೂ ತಾಟು ನೂಕುವಳು. ಹಾಲು-ಅನ್ನ, ಬಿಸ್ಕೀಟು, ಇವಿಷ್ಟೇ ಅವಳ ಲೋಕ. ನಾನು ಕಾಗೆ, ಗುಬ್ಬಿ, ಬಸ್ಸು ಎಲ್ಲವನ್ನೂ ತೋರಿಸಿ ತಾಸುಗಟ್ಟಲೆ ಹಿಂದೆ ತಿರುಗುತ್ತಿದ್ದೆ. "ಹಸದ್ರ ತಾನ ತಿಂತಾಳ, ಬಿಡವಾ" ಎಂದು ಅತ್ತೆಯವರು ಹೇಳಿದರೆ ಸಿಟ್ಟು ಬರುತ್ತಿತ್ತು. ಅವರ ಮಾತಿನಲ್ಲಿ ಬಹಳಷ್ಟು ನಿಜವಿತ್ತೆಂದು ತಿಳಿದದ್ದು ಆಮೇಲೆ. ಮೊದಲ ವರ್ಷದಲ್ಲಿ ಕೂಸಿನ ತೂಕ ಹುಟ್ಟಿದಾಗ ಇದ್ದುದರ ಸುಮಾರು ಮೂರರಷ್ಟಾಗುತ್ತದೆ. ಎರಡನೆಯ ವರ್ಷದಲ್ಲಿ ಏರುವುದು ಎರಡು-ಎರಡೂವರೆ ಕಿಲೋ ಮಾತ್ರ. ಬೆಳವಣಿಗೆ ನಿಧಾನವಾದಂತೆ ಹಸಿವೂ ತಗ್ಗುತ್ತದೆ. ಹೊಸ ತಿನಿಸನ್ನು ಹತ್ತು-ಹದಿನೈದು ಸಲ ಮುಂದಿಟ್ಟ ಮೇಲೆ ಒಪ್ಪುವ ಮಕ್ಕಳೂ ಇದ್ದಾರೆ. ನಾನು ಮೂರನೆಯ ಸಲಕ್ಕೇ ಅಳುತ್ತಿದ್ದೆ.

ಅವಳು ಬಿಟ್ಟದ್ದನ್ನು ಚೆಲ್ಲಲು ಮನಸ್ಸು ಬರುತ್ತಿರಲಿಲ್ಲ. ಅರ್ಧ ತಾಟು ಹಾಲು-ಅನ್ನವೇ ನನ್ನ ಮಧ್ಯಾಹ್ನದ ಊಟವಾಯಿತು. ಬೆಳಿಗ್ಗೆ ಚಹಾ, ಸಂಜೆಗೆ ಮತ್ತೆ ಚಹಾ. ತತ್ತಿ ತಂದರೆ ಪತಿಗೊಂದು, ಮಗಳಿಗೊಂದು. ವಹಿ ಸರಿಹೊಂದುತ್ತಿದ್ದುದು ಹೀಗೆ. ನನ್ನ ಜಾಣತನಕ್ಕೆ ನಾನೇ ಹಿಗ್ಗುತ್ತಿದ್ದೆನೆಂದು ಈಗ ಒಪ್ಪಿಕೊಳ್ಳುತ್ತೇನೆ.

2018ರಲ್ಲಿ ಎರಡನೆಯ ಸಲ ಬಸಿರಾದೆ. ಮೆಟ್ಟಿಲು ಹತ್ತಿದರೆ ಏದುಸಿರು, ಎದ್ದು ನಿಂತರೆ ಕಣ್ಣು ಕತ್ತಲೆ. ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.2. ಬಸುರಿಯರಿಗೆ ಅದು 11ಕ್ಕಿಂತ ಕೆಳಗಿಳಿದರೆ ರಕ್ತಹೀನತೆ. ಆಸ್ಪತ್ರೆಯ ವೈದ್ಯೆ ಬೈಯಲಿಲ್ಲ. "ಮನ್ಯಾಗ ಎಲ್ಲಾರಿಗೂ ನೀಡ್ತೀದಿ, ನೀ ಏನ ಉಣ್ತೀದಿ, ಒಂದಿನದ್ದ ಬರಕೊಂಡ ಬಾ" ಎಂದರು. ಮಾರನೆಯ ದಿನ ಬರೆಯಲು ಕುಳಿತೆ. ನಾಲ್ಕು ಸಾಲು ತುಂಬಲಿಲ್ಲ. ಊಟದ ಜೊತೆಗೇ ಕುಡಿಯುವ ಚಹಾ ಅನ್ನದಲ್ಲಿದ್ದ ಅಲ್ಪಸ್ವಲ್ಪ ಕಬ್ಬಿಣಾಂಶವನ್ನೂ ಮೈಗೆ ಹತ್ತಗೊಡುವುದಿಲ್ಲವೆಂದು ಅವರೇ ತಿಳಿಸಿದರು. ಇದು ನನ್ನೊಬ್ಬಳ ಕಥೆಯೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ರಕ್ತಹೀನರು.

ಕಬ್ಬಿಣದ ಗುಳಿಗೆಗಳ ಜೊತೆಗೆ ಅಂಗನವಾಡಿಯ ಊಟಕ್ಕೆ ಹೆಸರು ಹಚ್ಚಲು ಹೇಳಿದರು. ಬಸುರಿ-ಬಾಣಂತಿಯರಿಗೆ ದಿನಕ್ಕೊಂದು ಬಿಸಿಯೂಟ ಕೊಡುವ ಮಾತೃಪೂರ್ಣ ಯೋಜನೆ ರಾಜ್ಯದಲ್ಲೆಲ್ಲ ಆರಂಭವಾದದ್ದು 2017ರ ಅಕ್ಟೋಬರ್ 2ರಂದು. ಅತ್ತೆಯವರಿಗೆ ಇದು ಅವಮಾನವೆನಿಸಿತು. "ನಮ್ಮ ಮನ್ಯಾಗ ಉಣ್ಣಾಕ ಇಲ್ಲಂತ ಓಣ್ಯಾಗಿನ ಮಂದಿ ಮಾತಾಡಬೇಕೇನು?" ಎಂದರು. ಪತಿಯವರು ಸುಮ್ಮನಿದ್ದರು. ನನಗೂ ನಾಚಿಕೆಯೇ. ಆದರೂ, ಮಗಳು ಹೋಗುತ್ತಿದ್ದುದೂ ಅದೇ ಅಂಗನವಾಡಿಗೆ ಎಂಬ ನೆಪದಿಂದ ಹೋದೆ.

ಅನ್ನ, ಸಾರು, ಪಲ್ಲೆ, ಬೇಯಿಸಿದ ತತ್ತಿ, ಶೇಂಗಾ ಚಿಕ್ಕಿ, ಹಾಲು. ಮೊದಲ ದಿನ ತತ್ತಿಯನ್ನೂ ಚಿಕ್ಕಿಯನ್ನೂ ಮೆಲ್ಲಗೆ ಸೆರಗಿನಲ್ಲಿ ಕಟ್ಟಿಕೊಂಡೆ. ಕಾರ್ಯಕರ್ತೆ ನೋಡಿಬಿಟ್ಟಳು. "ಆಕಿ ಪಾಲು ಆಕಿಗೆ ಐತ್ರಿ ಅಕ್ಕಾರ. ಇದು ನಿಮ್ದು, ಇಲ್ಲೇ ಕುಂತು ತಿನ್ರಿ" ಎಂದಳು. ಮನೆಗೆ ಒಯ್ದರೆ ಅದು ತಾಯಿಯ ಬಾಯಿ ಸೇರುವುದಿಲ್ಲವೆಂದು ಬಲ್ಲವರೇ ಅಲ್ಲಿಯೇ ಉಣ್ಣಬೇಕೆಂಬ ಕಟ್ಟಳೆ ಮಾಡಿರಬೇಕು. ನಾಲ್ಕು ಮಂದಿ ಅಪರಿಚಿತ ಬಸುರಿಯರ ಸಾಲಿನಲ್ಲಿ ಕುಳಿತು, ಯಾರಿಗೂ ಪಾಲು ಹಚ್ಚದೆ ಒಂದು ಇಡೀ ತತ್ತಿ ತಿಂದೆ. ಕಳ್ಳತನ ಮಾಡಿದಂತೆ ಎದೆ ಹೊಡೆದುಕೊಳ್ಳುತ್ತಿತ್ತು. ಎದುರಿನ ಬಾಗಿಲಿನಿಂದ ಮಗಳು ಕಣ್ಣರಳಿಸಿ ನೋಡುತ್ತಿದ್ದಳು. ತಾಯಿ ಕುಳಿತು ಉಣ್ಣುವುದನ್ನು ಅವಳು ಸರಿಯಾಗಿ ನೋಡಿದ್ದು ಬಹುಶಃ ಅಂದೇ.

ಹೆರಿಗೆ ಕಿಮ್ಸ್ ಆಸ್ಪತ್ರೆಯಲ್ಲಾಯಿತು, ಗಂಡು ಮಗು. ಹೆತ್ತ ಮೇಲೆ ರಕ್ತಸ್ರಾವ ಹೆಚ್ಚಾಗಿ ಆ ರಾತ್ರಿ ಎಲ್ಲರೂ ಹೆದರಿದ್ದರು. ಅಷ್ಟರಲ್ಲಿ ನನ್ನ ರಕ್ತಾಂಶ ಹತ್ತನ್ನು ದಾಟಿತ್ತು. ಮೊದಲಿನಂತೆ ಎಂಟರಲ್ಲಿಯೇ ಇದ್ದಿದ್ದರೆ ಏನಾಗುತ್ತಿತ್ತೆಂದು ಪತಿಯವರು ಕೇಳಿದಾಗ ವೈದ್ಯರು ಉತ್ತರಿಸದೆ ಅವರ ಹೆಗಲು ತಟ್ಟಿ ಹೋದರಂತೆ. ಮರುತಿಂಗಳ ವಹಿಯಲ್ಲಿ ಹೊಸದೊಂದು ಸಾಲು ಕಂಡೆ, ಅವರ ವಕ್ರ ಅಕ್ಷರದಲ್ಲಿ: "ಇವಳ ತತ್ತಿ, 30." ಆಗ ತತ್ತಿಗೆ ಐದು ರೂಪಾಯಿಯ ಆಸುಪಾಸು. ಆ ನೂರೈವತ್ತು ರೂಪಾಯಿ ಎಲ್ಲಿಂದ ಬಂತೆಂದು ಹುಡುಕಿದೆ. ಅವರು ಕಾರ್ಖಾನೆಯ ಎದುರಿನ ಅಂಗಡಿಯ ಮಿರ್ಚಿ, ಗಿರ್ಮಿಟ್ಟು ಬಿಟ್ಟಿದ್ದರು.

ಈಗ ಮಧ್ಯಾಹ್ನ ನಾನು ಮಕ್ಕಳೊಡನೆಯೇ ತಾಟು ಹಾಕಿಕೊಳ್ಳುತ್ತೇನೆ. ಹಿಂದೆ ತಿರುಗುವುದನ್ನು ಬಿಟ್ಟ ಮೇಲೆ ಮಗಳು ರೊಟ್ಟಿಯನ್ನು ಶೇಂಗಾ ಚಟ್ನಿಯೊಡನೆ ತಿನ್ನುವಷ್ಟಾಗಿದ್ದಾಳೆ. ಬದನೆಕಾಯಿಯನ್ನು ಮಾತ್ರ ಇಂದಿಗೂ ಮುಟ್ಟುವುದಿಲ್ಲ. ಅವಳೊಡನೆ ಅದಕ್ಕಾಗಿ ಜಗಳವಾಡುವುದನ್ನು ನಾನೂ ಬಿಟ್ಟಿದ್ದೇನೆ.

ಅತ್ತೆಯವರು ಇನ್ನೂ ಎಲ್ಲರದೂ ಆದ ಮೇಲೆಯೇ, ಒಲೆಯ ಕಟ್ಟೆಗೆ ಒರಗಿ ನಿಂತೇ ಉಣ್ಣುತ್ತಾರೆ. ಎಷ್ಟು ಕರೆದರೂ "ನೀವು ಉಣ್ರಿ, ನಂದೇನು" ಎನ್ನುತ್ತಾರೆ. ಅವರ ಪಾಲಿನ ಎರಡು ರೊಟ್ಟಿಗಳನ್ನು ಮೊದಲೇ ಬಟ್ಟೆಯಲ್ಲಿ ಸುತ್ತಿ ಬುಟ್ಟಿಯ ಅಡಿಯಲ್ಲಿ ಇಡುತ್ತೇನೆ. ವಾರದಲ್ಲಿ ಎರಡು-ಮೂರು ದಿನ ಅವನ್ನೂ ಹುಡುಕಿ ತೆಗೆದು ಮೊಮ್ಮಗನ ತಾಟಿಗೆ ಹಾಕಿರುತ್ತಾರೆ.